ಅಮ್ಮನ ಬೇಸಿನ್ನು, ಮಗಳ ಮುಂಗುಸಿ

ರೇಷ್ಮೆ ಹುಳು ಸೊಪ್ಪು ತಿನ್ನುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ. ನಾಲ್ಕನೇ ಜ್ವರ ಕಳೆದು ಎದ್ದ ಹುಳುಗಳ ಹಸಿವು ಹೇಳತೀರದು. ಹುಟ್ಟಿದಂದಿನಿಂದ ಗೂಡು ಕಟ್ಟುವವರೆಗೆ ಅವು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಹೆಚ್ಚನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತವೆ. ಆಗ ಹುಳುಮನೆಯ ಬಾಗಿಲಲ್ಲಿ ನಿಂತರೆ ಒಳಗೆ ಸೋನೆಮಳೆ ಹಿಡಿದಂತೆ ಸದ್ದು. ನಮ್ಮ ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳ ಹೆಂಗಸರಿಗೆ ಅದು ಜೋಗುಳವಿದ್ದಂತೆ. ಕೇಳುತ್ತಿದ್ದರೆ ನಿದ್ದೆ ಬರುತ್ತದೆ, ನಿಂತರೆ ಎಚ್ಚರವಾಗುತ್ತದೆ.

2024ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಹುಳುಮನೆಯಲ್ಲಿ ಆ ಸದ್ದು ನಿಂತಿತು. ನನಗೆ ಎಚ್ಚರವಾಗಲಿಲ್ಲ. ಏಕೆಂದರೆ ತಲೆದಿಂಬಿನ ಪಕ್ಕದಲ್ಲಿದ್ದ ಫೋನು '25 ಡಿಗ್ರಿ, ಎಲ್ಲ ಸರಿಯಾಗಿದೆ' ಎನ್ನುತ್ತಿತ್ತು.

ಈ ಕಥೆ ಹೇಳಬೇಕಾದರೆ ಮೊದಲು ಒಂದು ಪೆಟ್ಟಿಗೆಯ ವಿಷಯ ಹೇಳಬೇಕು.

ನನ್ನ ಮಗಳು ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ಓದಿ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ ತಾಲ್ಲೂಕಿನಲ್ಲಿ ಎಂಜಿನಿಯರಿಂಗ್ ಓದಿದವಳೆಂದು ಅವಳಿಗಿಂತ ಅವಳ ಅಪ್ಪನಿಗೇ ಹೆಮ್ಮೆ. ಒಂದು ಸಲ ರಜೆಗೆ ಬಂದಾಗ ಅವಳು ನನ್ನನ್ನು ಗಮನಿಸಿದಳಂತೆ. ನಾನು ಹುಳುಮನೆಗೂ ಅಡುಗೆಮನೆಗೂ ದಿನಕ್ಕೆ ಎಷ್ಟು ಸಲ ಓಡಾಡುತ್ತೇನೆಂದು ಲೆಕ್ಕ ಹಾಕಿದಳಂತೆ. ಗೋಡೆಯ ಮೇಲಿನ ಥರ್ಮಾಮೀಟರ್ ನೋಡುವುದು, ಕಿಟಕಿ ತೆರೆಯುವುದು, ನೆಲಕ್ಕೆ ನೀರು ಚಿಮುಕಿಸುವುದು, ಬಂದು ಸಾರಿಗೆ ಒಗ್ಗರಣೆ ಹಾಕುವುದು, ಮತ್ತೆ ಓಡುವುದು. ಚಿಂತಾಮಣಿಯ ರೇಷ್ಮೆ ಕಾಲೇಜಿನಲ್ಲಿ ಓದಿದ ನಮ್ಮ ಅಣ್ಣನ ಮಗ ಯಾವಾಗಲೂ ಹೇಳುತ್ತಿರುತ್ತಾನೆ: ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಶಾಖ, 85ರಿಂದ 90 ಭಾಗ ತೇವ, ಬೆಳೆದ ಹುಳುವಿಗೆ 24ರಿಂದ 25 ಡಿಗ್ರಿ, 70 ಭಾಗ ತೇವ. ಹೇಳುವುದು ಸುಲಭ. ಸಿಮೆಂಟ್ ಶೀಟಿನ ಹುಳುಮನೆಯಲ್ಲಿ ಬೇಸಿಗೆಯ ದಿನ ಅದನ್ನು ಕಾಪಾಡುವವಳ ಕಾಲು ಏನಾಗಬೇಕು?

ಮುಂದಿನ ಸಲ ಮಗಳು ಬಂದಾಗ ಕೈಯಲ್ಲಿ ಒಂದು ಪೆಟ್ಟಿಗೆ ಇತ್ತು. ಬಿಳಿ ಪ್ಲಾಸ್ಟಿಕ್ಕಿನದು, ಕುಂಕುಮದ ಭರಣಿಗಿಂತ ಕೊಂಚ ದೊಡ್ಡದು. ಅದರೊಳಗೆ ಇಎಸ್‌ಪಿ 32 ಎನ್ನುವ ಚಿಪ್ಪು. ಶಾಂಘೈನ ಕಂಪನಿಯೊಂದು 2016ರಲ್ಲಿ ಮಾರುಕಟ್ಟೆಗೆ ತಂದದ್ದು. ಅದರ ಕೆಲಸದ ನೆನಪು 520 ಕಿಲೋಬೈಟು. "ಅಂದರೆ ಎಷ್ಟೇ?" ಎಂದೆ. "ನಿನ್ನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸಲ್ಲಮ್ಮಾ" ಎಂದಳು. ಹುಳುಮನೆಯ ಗೋಡೆಗೆ ಅದನ್ನು ತಗುಲಿಸಿ, ಶಾಖ ಮತ್ತು ತೇವ ಅಳೆಯುವ ಸೆನ್ಸರನ್ನು ಜೋಡಿಸಿ, ನೀರಿನ ಮಂಜು ಚಿಮ್ಮಿಸುವ ಫಾಗರಿಗೆ ಒಂದು ತಂತಿ ಎಳೆದಳು. ನನ್ನ ಫೋನಿನಲ್ಲಿ ಒಂದು ವಿಳಾಸ ಒತ್ತಿದರೆ ಪುಟವೊಂದು ತೆರೆಯುತ್ತಿತ್ತು. ಎರಡೇ ಸಾಲು: ಶಾಖ ಇಷ್ಟು, ತೇವ ಇಷ್ಟು. ಶಾಖ ಏರಿದರೆ ಫಾಗರು ತಾನೇ ಶುರುವಾಗುತ್ತಿತ್ತು.

"ಈ ಪೆಟ್ಟಿಗೇಲಿ ಒಂದು ವೆಬ್ ಸರ್ವರ್ ಇದೆ ಅಮ್ಮಾ" ಎಂದಳು. ಸರ್ವರ್ ಎಂದರೆ ಬ್ಯಾಂಕಿನಲ್ಲಿ 'ಡೌನ್' ಆಗುವ ಯಾವುದೋ ದೊಡ್ಡ ಯಂತ್ರವೆಂದೇ ನಾನು ತಿಳಿದಿದ್ದೆ. "ಸರ್ವರ್ ಅಂದ್ರೆ ಬಡಿಸುವವರು, ಅಷ್ಟೇ. ಕೇಳಿದವರಿಗೆ ಕೇಳಿದ ಪುಟ ಬಡಿಸೋದು. ದೊಡ್ಡ ಛತ್ರದಲ್ಲೂ ಬಡಿಸ್ತಾರೆ, ನಮ್ಮ ಅಡುಗೆಮನೇಲೂ ಬಡಿಸ್ತಾರೆ."

ಬಡಿಸುವ ಕೆಲಸವನ್ನೆಲ್ಲ ಅವಳೇ ಬರೆದದ್ದಲ್ಲವಂತೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಅಂಗಡಿಯಿಂದ ಹುಳಿಪುಡಿ ತಂದಂತೆ. ಪುಡಿ ಅವರದು, ಬೇಳೆ ಬೇಯಿಸಿ ಕೂಡಿಸುವುದು ನಮ್ಮದು. ಇವಳು ತಂದ ಪುಡಿಯ ಹೆಸರು ಮಾಂಗೂಸ್, ಎಂದರೆ ನಮ್ಮ ಮುಂಗುಸಿ. ಸೆರ್ಗೆಯ್ ಲ್ಯುಬ್ಕಾ ಎಂಬುವರು 2004ರಲ್ಲಿ ಬರೆಯಲು ತೊಡಗಿದ್ದು. ಈಗ ಐರ್ಲೆಂಡಿನ ಡಬ್ಲಿನ್ನಿನ ಸೆಸಾಂಟ ಎಂಬ ಅವರ ಕಂಪನಿ ನೋಡಿಕೊಳ್ಳುತ್ತದೆ. ಇಡೀ ಮುಂಗುಸಿ ಎರಡೇ ಕಡತಗಳಲ್ಲಿ ಅಡಗಿದೆ: ಮಾಂಗೂಸ್ ಡಾಟ್ ಸಿ ಮತ್ತು ಮಾಂಗೂಸ್ ಡಾಟ್ ಎಚ್. ಎರಡನ್ನೂ ತನ್ನ ಬರಹದ ಪಕ್ಕದಲ್ಲಿಟ್ಟರೆ ಮುಗಿಯಿತು. ಚಿಕ್ಕ ಪೆಟ್ಟಿಗೆಗಳಿಗೆ ಅದೇ ಅನುಕೂಲವಂತೆ.

ಅಂದು ರಾತ್ರಿ ಅವಳು ಕಂಪ್ಯೂಟರಿನಲ್ಲಿ ತೋರಿಸಿದ ಸಾಲುಗಳಲ್ಲಿ ನನಗೆ ಓದಲು ಬಂದದ್ದು ಒಂದೇ: 'ಎಂಜಿಆರ್'. "ಇದೇನೇ, ಎಂಜಿಆರ್ ಸಿನಿಮಾ ಇಲ್ಲಿಗೂ ಬಂತಾ?" ಎಂದೆ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಅದು ಮ್ಯಾನೇಜರ್ ಎನ್ನುವುದರ ಗಿಡ್ಡ ರೂಪವಂತೆ. ಪೆಟ್ಟಿಗೆಯ ಒಳಗೆ ಒಬ್ಬ ಮ್ಯಾನೇಜರು. ಅವನು ಮಾಡುವುದು ಒಂದೇ ಕೆಲಸ, ಸುತ್ತು ಹಾಕುವುದು.

"ಯಾಕೆ ಒಬ್ಬನೇ?" ಎಂದು ಕೇಳಿದೆ. ಅಲ್ಲಿಂದ ಅವಳು ಹೇಳಿದ್ದೆಲ್ಲ ನನಗೆ ಅರ್ಥವಾಯಿತು. ಅರ್ಥವಾಗಿದ್ದಕ್ಕೆ ಕಾರಣ ಅವಳಲ್ಲ, ನನ್ನ ಅಮ್ಮ.

ನನ್ನ ಅಮ್ಮ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. 1970ರ ದಶಕದ ಮಾತು. ಕಾಟೇಜ್ ಬೇಸಿನ್ ಎಂದರೆ ಬಿಸಿನೀರಿನ ತೊಟ್ಟಿ. ಅದರ ಮುಂದೆ ಒಬ್ಬಳು ಹೆಂಗಸು. ಅವಳ ಮುಂದೆ ಆರು ತುದಿ. ಒಂದೊಂದು ತುದಿಗೂ ಎಂಟು ಹತ್ತು ಗೂಡುಗಳ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಸೇರಿ ಒಂದು ನೂಲಾಗಿ ಮೇಲಕ್ಕೆ ಹೋಗಿ ರಾಟೆಗೆ ಸುತ್ತಿಕೊಳ್ಳುತ್ತವೆ. ಒಂದು ಗೂಡು ಬರಿದಾದರೆ ನೂಲು ತೆಳ್ಳಗಾಗುತ್ತದೆ. ಕೂಡಲೇ ಇನ್ನೊಂದು ಗೂಡಿನ ಎಳೆ ಕೊಡಬೇಕು. ಎಲ್ಲೋ ಒಂದು ಕಡೆ ಹರಿದರೆ ಗಂಟು ಹಾಕಬೇಕು. ಅಮ್ಮನ ಕಣ್ಣು ಒಂದನೇ ತುದಿಯಿಂದ ಆರನೆಯದಕ್ಕೆ, ಆರನೆಯದರಿಂದ ಒಂದನೆಯದಕ್ಕೆ ಓಡಾಡುತ್ತಲೇ ಇರುತ್ತಿತ್ತು. ಯಾವ ತುದಿಗೆ ಏನೂ ಬೇಡವೋ ಅದರ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಯಾವುದಕ್ಕೆ ಬೇಕೋ ಅಲ್ಲಿಗೆ ಕೈ ಹೋಗುತ್ತಿತ್ತು, ಕ್ಷಣದಲ್ಲಿ ಮುಗಿಸಿ ಮುಂದೆ.

ಒಂದು ತುದಿಗೆ ಒಬ್ಬಳಂತೆ ಆರು ಜನ ಕೂರಬಹುದಿತ್ತು. ಆದರೆ ಆರು ಜನಕ್ಕೆ ಜಾಗ ಬೇಕು, ಆರು ಕೂಲಿ ಬೇಕು, ಮತ್ತು ಹೆಚ್ಚು ಹೊತ್ತು ಆರೂ ಜನ ಸುಮ್ಮನೆ ನೂಲು ನೋಡುತ್ತ ಕೂತಿರುತ್ತಿದ್ದರು.

ವೆಬ್ ಸರ್ವರುಗಳಲ್ಲೂ ಇದೇ ಎರಡು ಬಗೆಯಂತೆ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಎಳೆ ಮೀಸಲಿಡುವುದು ಒಂದು ಬಗೆ. ಕಂಪ್ಯೂಟರಿನವರೂ ಅದನ್ನು 'ಥ್ರೆಡ್' ಎಂದೇ ಕರೆಯುತ್ತಾರೆಂದು ತಿಳಿದಾಗ ಶಿಡ್ಲಘಟ್ಟದವಳಾದ ನನಗೆ ಖುಷಿಯಾಯಿತು. ಪ್ರತಿ ಎಳೆಗೂ ನೆನಪಿನಲ್ಲಿ ಅದರದೇ ಜಾಗ ಕೊಡಬೇಕು. ದೂರದ ಗಿರಾಕಿ ನಿಧಾನವಾಗಿ ಮಾತಾಡಿದರೆ ಆ ಎಳೆ ಸುಮ್ಮನೆ ಕಾಯುತ್ತ ಕೂರುತ್ತದೆ. 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಅಮೆರಿಕದವರು ಒಂದು ಪ್ರಶ್ನೆ ಎತ್ತಿದ್ದರಂತೆ: ಒಂದೇ ಯಂತ್ರ ಒಂದೇ ಹೊತ್ತಿಗೆ ಹತ್ತು ಸಾವಿರ ಗಿರಾಕಿಗಳನ್ನು ನೋಡಿಕೊಳ್ಳುವುದು ಹೇಗೆ? ಹತ್ತು ಸಾವಿರ ಆಳುಗಳನ್ನು ಇಟ್ಟರೆ ಮನೆಯೇ ಮುಳುಗುತ್ತದೆ. ಒಬ್ಬಳೇ ಕೂತು ಎಲ್ಲ ತುದಿಗಳ ಮೇಲೂ ಕಣ್ಣಾಡಿಸುವುದು ಎರಡನೆಯ ಬಗೆ. ನಮ್ಮ ಮುಂಗುಸಿಯೂ ಮೊದಲ ವರ್ಷಗಳಲ್ಲಿ ಹಲವು ಎಳೆಗಳದೇ ಆಗಿತ್ತಂತೆ, ಆಮೇಲೆ ಒಂದೇ ಎಳೆಯ ದಾರಿ ಹಿಡಿಯಿತಂತೆ. 520 ಕಿಲೋಬೈಟಿನ ಮನೆಯಲ್ಲಿ ಆರು ಜನ ಆಳು ಎಲ್ಲಿ ಮಲಗಬೇಕು?

ಹಾಗಾದರೆ ಒಳಗಿನ ಸುತ್ತು ಹೇಗೆ? ಮಗಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಮ್ಯಾನೇಜರಿನ ಬಳಿ ಒಂದು ಸರಪಳಿ ಇದೆ. ಬಂದ ಒಬ್ಬೊಬ್ಬ ಗಿರಾಕಿಯೂ ಆ ಸರಪಳಿಯ ಒಂದೊಂದು ಕೊಂಡಿ. ಮೊದಲೇ ಇರುವ ಕೊಂಡಿ ಬಾಗಿಲು ಕಾಯುವವನದು. ಹೊಸಬರು ಬಾಗಿಲು ತಟ್ಟಿದರೆ ಒಳಗೆ ಕರೆದು ಹೊಸ ಕೊಂಡಿ ಸೇರಿಸುವುದಷ್ಟೇ ಅವನ ಕೆಲಸ. ಪ್ರತಿ ಕೊಂಡಿಗೂ ಎರಡು ಪಾತ್ರೆ: ಬಂದ ಮಾತನ್ನು ತುಂಬಿಡಲು ಒಂದು, ಹೋಗಬೇಕಾದ ಮಾತನ್ನು ತುಂಬಿಡಲು ಒಂದು. ಜೊತೆಗೆ ಹೌದು ಅಲ್ಲ ಎನ್ನುವ ಕೆಲವು ಗುರುತುಗಳು: ಇವನಿಂದ ಏನೋ ಬಂದಿದೆ, ಇವನಿಗೆ ಕೊಡಲು ದಾರಿ ತೆರವಿದೆ, ಇವನಿಗೆ ಉಳಿದದ್ದನ್ನು ಬಡಿಸಿ ಕಳಿಸಬೇಕು, ಇವನನ್ನು ಈಗಲೇ ಕಳಿಸಬೇಕು.

ಸುತ್ತು ಶುರುವಾದಾಗ ಮ್ಯಾನೇಜರು ಒಬ್ಬೊಬ್ಬರನ್ನೂ ಅಲ್ಲಾಡಿಸಿ 'ಏನಾದರೂ ಇದೆಯಾ' ಎಂದು ಕೇಳುವುದಿಲ್ಲ. ಕೆಳಗಿರುವ ವ್ಯವಸ್ಥೆಯನ್ನು ಒಂದೇ ಸಲ ಕೇಳುತ್ತಾನೆ: 'ಇವರಲ್ಲಿ ಯಾರು ಸಿದ್ಧ? ಯಾರೂ ಇಲ್ಲದಿದ್ದರೆ ಒಂದು ಸೆಕೆಂಡು ಕಾಯುತ್ತೇನೆ.' ಆ ಒಂದು ಸೆಕೆಂಡು ಅವನಿಗೆ ವಿಶ್ರಾಂತಿ. ನಡುವೆ ಯಾರಾದರೂ ಬಂದರೆ ಕೂಡಲೇ ಏಳುತ್ತಾನೆ. ಆಮೇಲೆ ಗಡಿಯಾರ ನೋಡಿ, ಹೊತ್ತಿಗೆ ಸರಿಯಾಗಿ ಮಾಡಬೇಕಾದ ಕೆಲಸಗಳಿದ್ದರೆ ಮಾಡುತ್ತಾನೆ. ಐದು ಸೆಕೆಂಡಿಗೊಮ್ಮೆ ಶಾಖ ಅಳೆಯುವುದು ಹಾಗೆ. ಅನಂತರ ಸರಪಳಿಯ ಉದ್ದಕ್ಕೂ ಹೋಗುತ್ತಾನೆ. ಓದುವುದಿದ್ದರೆ ಬಂದಷ್ಟನ್ನು ಬಂದ ಪಾತ್ರೆಗೆ ಸುರಿಯುತ್ತಾನೆ. ಕೊಡುವುದಿದ್ದರೆ ಹಿಡಿಸುವಷ್ಟನ್ನು ಕೊಟ್ಟು, ಉಳಿದದ್ದನ್ನು ಮುಂದಿನ ಸುತ್ತಿಗೆ ಬಿಡುತ್ತಾನೆ. ಕಳಿಸುವ ಗುರುತಿದ್ದವರನ್ನು ಸರಪಳಿಯಿಂದ ಬಿಡಿಸುತ್ತಾನೆ. ಸುತ್ತು ಮುಗಿಯಿತು, ಮತ್ತೆ ಮೊದಲಿನಿಂದ.

ಫೋನು ಪುಟ ಕೇಳುವುದೆಂದರೆ ಒಂದು ಸಣ್ಣ ಕಾಗದ ಬರೆದಂತೆ. ಕೆಲವು ಸಾಲು, ಕೊನೆಯಲ್ಲಿ ಒಂದು ಖಾಲಿ ಸಾಲು. ಆದರೆ ಕಾಗದ ಒಂದೇ ತುಂಡಾಗಿ ಬರಬೇಕೆಂದಿಲ್ಲ; ಅರ್ಧ ಈಗ ಬಂದು ಅರ್ಧ ಆಮೇಲೆ ಬರಬಹುದು. ಮುಂಗುಸಿ ಅರ್ಧ ಕಾಗದವನ್ನು ಪಾತ್ರೆಯಲ್ಲಿಟ್ಟು ಮುಂದಿನ ಕೊಂಡಿಗೆ ಹೋಗುತ್ತದೆ. ಖಾಲಿ ಸಾಲು ಕಂಡು, ಕಾಗದ ಪೂರ್ತಿಯಾಯಿತೆಂದು ಖಾತ್ರಿಯಾದ ಮೇಲೆಯೇ ನನ್ನ ಮಗಳು ಬರೆದ ಭಾಗವನ್ನು ಕರೆದು 'ಒಂದು ಘಟನೆ ನಡೆದಿದೆ, ಉತ್ತರ ಕೊಡು' ಎನ್ನುತ್ತದೆ. ಅವಳ ಬರಹ ಉತ್ತರವನ್ನು ಹೋಗುವ ಪಾತ್ರೆಗೆ ಹಾಕಿ ಮರಳುತ್ತದೆ. ಕಳಿಸುವುದು ಮ್ಯಾನೇಜರಿನ ಪಾಲು.

'ಘಟನೆ' ಎಂಬ ಮಾತು ಕೇಳಿ ನನಗೆ ಗೌರಿಬಿದನೂರಿನ ನೆನಪಾಯಿತು. ನಮ್ಮಕ್ಕನನ್ನು ಕೊಟ್ಟದ್ದು ಆ ಕಡೆಗೆ. ಅಲ್ಲಿ 1965ರಿಂದ ಭೂಕಂಪ ಗುರುತಿಸುವ ಕೇಂದ್ರವಿದೆ. ಈಗಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ್ದು. ಹೊಲ ಬಯಲುಗಳ ನಡುವೆ ಕಂಪನ ಅಳೆಯುವ ಉಪಕರಣಗಳನ್ನು ಎರಡು ಸಾಲಾಗಿ ಇಟ್ಟಿದ್ದಾರೆ. ಅವು ಹಗಲಿರುಳು ನೆಲಕ್ಕೆ ಕಿವಿಗೊಟ್ಟಿರುತ್ತವೆ. ದೂರದ ಯಾವುದೋ ದೇಶದಲ್ಲಿ ಭೂಮಿ ಅಲುಗಿದರೆ ಅಲ್ಲಿನವರು ಅದನ್ನೂ 'ಘಟನೆ' ಎಂದೇ ಕರೆಯುತ್ತಾರೆ. ಘಟನೆ ಯಾವಾಗಲೋ ಒಮ್ಮೆ. ಕಿವಿ ಮಾತ್ರ ಯಾವಾಗಲೂ ತೆರೆದಿರಬೇಕು.

ಆ ಎರಡು ಪಾತ್ರೆಗಳ ವಿಷಯ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಅಮ್ಮನ ಮೇಲೆ ಒಂದು ದೊಡ್ಡ ದೂರಿತ್ತು. ಏನು ಹೇಳಲು ಹೋದರೂ ಅವಳು ನಿಂತು ಕೇಳುತ್ತಿರಲಿಲ್ಲ. ಶಾಲೆ ಬಿಟ್ಟು ನೇರವಾಗಿ ಬೇಸಿನ್ನಿನ ಬಳಿ ಹೋಗಿ 'ಅಮ್ಮಾ, ಮೇಷ್ಟ್ರು ಇವತ್ತು ನನ್ನ ನಿಲ್ಲಿಸಿದ್ರು' ಎಂದರೆ 'ಹ್ಞೂ' ಎನ್ನುವಳು, ಕಣ್ಣು ನಾಲ್ಕನೇ ತುದಿಯ ಮೇಲೆ. 'ನೋಟ್‌ಬುಕ್ ತಗೊಂಡು ಹೋಗಿಲ್ಲ ಅಂತ' ಎಂದರೆ ಮತ್ತೆ 'ಹ್ಞೂ', ಕೈ ಬಿಸಿನೀರಿನಲ್ಲಿ. ನನಗೆ ಅಳು ಬರುತ್ತಿತ್ತು. ಆದರೆ ರಾತ್ರಿ ಎಲ್ಲರೂ ಉಂಡು ಮಲಗಿದ ಮೇಲೆ, ನೀರಿನಲ್ಲಿ ಬೆಂದು ಬಿಳಿಚಿದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತ ಇದ್ದಕ್ಕಿದ್ದಂತೆ ಕೇಳುವಳು: "ಎಷ್ಟು ಪುಟದ್ದೇ ಆ ನೋಟ್‌ಬುಕ್ಕು?"

ಅವಳು ಕೇಳಿರಲಿಲ್ಲವೆಂದು ನಾನು ತಿಳಿದಿದ್ದೆ. ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಅವಳು ಎಲ್ಲೋ ತುಂಬಿಟ್ಟುಕೊಂಡಿದ್ದಳು. ಖಾಲಿ ಸಾಲು ಬಂದ ಮೇಲೆ ಉತ್ತರ ಕೊಡುತ್ತಿದ್ದಳು. ಇದು ನನಗೆ ತಿಳಿದದ್ದು ಅವಳು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ನೆಪದಲ್ಲಿ.

ಇನ್ನು ಆ ಏಪ್ರಿಲ್ ಮಧ್ಯಾಹ್ನದ ವಿಷಯಕ್ಕೆ ಬರುತ್ತೇನೆ.

ಪೆಟ್ಟಿಗೆ ಬಂದು ಮೂರು ಬೆಳೆ ಚೆನ್ನಾಗಿ ಆಯಿತು. ನನ್ನ ಓಡಾಟ ಕಡಿಮೆಯಾಯಿತು. ಯುಗಾದಿಗೆ ಬಂದಾಗ ಮಗಳು ಪೆಟ್ಟಿಗೆಗೆ ಒಂದು ಹೊಸ ಪಾಠ ಕಲಿಸಿದಳು: ಶಾಖ 28 ದಾಟಿದರೆ ಮೊದಲು ಬೆಂಗಳೂರಿನಲ್ಲಿರುವ ತನಗೊಂದು ಸಂದೇಶ ಕಳಿಸಬೇಕು, ಆಮೇಲೆ ಫಾಗರನ್ನು ಹಚ್ಚಬೇಕು. ಅಮ್ಮನ ಹುಳುಮನೆಯ ಮೇಲೆ ತನ್ನದೂ ಒಂದು ಕಣ್ಣಿರಲಿ ಎಂಬ ಆಸೆ, ಅಷ್ಟೇ. ಸಂದೇಶ ಕಳಿಸುವ ಆ ತುಣುಕು ಮುಂಗುಸಿಯದಲ್ಲ, ಬೇರೆ ಕಡೆಯಿಂದ ತಂದು ನಡುವೆ ಸೇರಿಸಿದ್ದು. ಅದರ ಸ್ವಭಾವವೇ ಬೇರೆ. ಕಾಗದ ಹಾಕಿ ಉತ್ತರ ಬರುವವರೆಗೆ ಅಲ್ಲೇ ನಿಂತು ಕಾಯುವುದು ಅದರ ರೀತಿ. ಎಷ್ಟು ಹೊತ್ತು ಕಾಯಬೇಕೆಂಬ ಮಿತಿಯನ್ನೂ ಇವಳು ಹಾಕಿರಲಿಲ್ಲ.

ಆ ವರ್ಷದ ಬಿಸಿಲನ್ನು ನೀವೂ ಮರೆತಿರಲಾರಿರಿ. ನಮ್ಮಲ್ಲಿ 200 ಮೊಟ್ಟೆಯ ಹುಳು, ನಾಲ್ಕನೇ ಜ್ವರ ಎದ್ದು ಮೂರು ದಿನ. ಮಧ್ಯಾಹ್ನ ಊರಿನ ಇಂಟರ್‌ನೆಟ್ ಲೈನು ಎಲ್ಲೋ ಕಡಿದುಹೋಯಿತು. ಮನೆಯೊಳಗಿನ ವೈಫೈ ಉರಿಯುತ್ತಲೇ ಇತ್ತು. ಹೊರಗಿನ ದಾರಿ ಮಾತ್ರ ಮುಚ್ಚಿತ್ತು. ಶಾಖ 28 ದಾಟಿತು. ಪೆಟ್ಟಿಗೆ ಸಂದೇಶ ಕಳಿಸಲು ಹೊರಟಿತು. ಉತ್ತರ ಬರಲಿಲ್ಲ. ಕಾಯುತ್ತ ನಿಂತಿತು. ಒಂದೇ ಎಳೆ, ಆ ಎಳೆಯೇ ನಿಂತ ಮೇಲೆ ಸುತ್ತು ಹಾಕುವವರು ಯಾರು? ಫಾಗರಿನ ಸರದಿ ಸಂದೇಶದ ನಂತರದ್ದು, ಅದು ಬರಲೇ ಇಲ್ಲ. ನನ್ನ ಫೋನು ಪುಟ ಕೇಳಿದರೆ ಕೊಡುವವರಿಲ್ಲ. ಆದರೆ ಊಟಕ್ಕೆ ಮುಂಚೆ ತೆರೆದಿದ್ದ ಹಳೆಯ ಪುಟ ಹಾಗೇ ನಿಂತಿತ್ತು, 25 ಡಿಗ್ರಿ ಎನ್ನುತ್ತ. ನಾನು ಅದನ್ನು ನೋಡಿ ಮಗ್ಗುಲಾದೆ.

ನಾಲ್ಕು ಗಂಟೆಗೆ ಸೊಪ್ಪಿನ ಹೊರೆ ಹೊತ್ತು ಬಾಗಿಲು ತೆರೆದರೆ ಮುಖಕ್ಕೆ ಒಲೆಯ ಝಳ ಹೊಡೆದಂತಾಯಿತು. ಸದ್ದಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಹಾಕಿದ ಸೊಪ್ಪು ಹಾಗೇ ಬಾಡಿದೆ. ಹುಳುಗಳು ತಲೆ ಎತ್ತಿಕೊಂಡು ನಿಶ್ಚಲವಾಗಿವೆ. ಗೋಡೆಯ ಹಳೆಯ ಥರ್ಮಾಮೀಟರಿನಲ್ಲಿ 36. ಹೊರೆಯನ್ನು ಅಲ್ಲೇ ಹಾಕಿ ಕಿಟಕಿಗಳನ್ನೆಲ್ಲ ತೆರೆದೆ. ಗೋಣಿಚೀಲ ನೆನೆಸಿ ಬಾಗಿಲು ಕಿಟಕಿಗಳಿಗೆ ಕಟ್ಟಿದೆ. ನಮ್ಮವರು ಶೀಟಿನ ಮೇಲೆ ನೀರು ಸುರಿದರು. ನಮ್ಮಮ್ಮನ ಕಾಲದಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆವು. ರಾತ್ರಿ ಒಂಬತ್ತರ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಕಡೆ ಸೋನೆ ಶುರುವಾಯಿತು. ಎಲ್ಲ ಕಡೆಯೂ ಅಲ್ಲ. ಮುಂದಿನ ನಾಲ್ಕು ದಿನ ಸಪ್ಪೆ ರೋಗದ ಹುಳುಗಳನ್ನು ಬುಟ್ಟಿಗಟ್ಟಲೆ ಆರಿಸಿ ಸುಣ್ಣ ಹಾಕಿ ಹೂಳಿದೆ. ಸುಮಾರು 140 ಕೆ.ಜಿ. ಆಗಬೇಕಿದ್ದ ಗೂಡು 96 ಆಯಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಕೈಯಲ್ಲಿ ಹಿಸುಕಿ ನೋಡಿ ಮುಂದೆ ಹೋದರು. ಆ ದುಡ್ಡಿನಲ್ಲಿ ಬೋರ್‌ವೆಲ್ ಮೋಟಾರಿನ ಸಾಲದ ಕಂತು ಕಟ್ಟಬೇಕಿತ್ತು. ನನ್ನ ಓಲೆ ಅಡವಿಟ್ಟು ಕಟ್ಟಿದೆವು.

ಮಗಳಿಗೆ ಫೋನು ಮಾಡಿದಾಗ ಅವಳು ಮಾತೇ ಆಡಲಿಲ್ಲ. ಶನಿವಾರ ಮೊದಲ ಬಸ್ಸಿಗೆ ಬಂದಳು. ಬಂದವಳೇ ಹುಳುಮನೆಗೆ ಹೋಗಿ ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತಳು. "ಇದು ಬೇಡಮ್ಮ, ಬಿಸಾಕಿಬಿಡ್ತೀನಿ. ನನ್ನಿಂದ ನಿನ್ನ ಬೆಳೆ ಹೋಯ್ತು" ಎಂದು ಅಳತೊಡಗಿದಳು. ನನಗೂ ಸಿಟ್ಟಿರಲಿಲ್ಲವೆಂದರೆ ಸುಳ್ಳಾದೀತು. ಆದರೆ ಸಿಟ್ಟು ಪೆಟ್ಟಿಗೆಯ ಮೇಲೂ ಅಲ್ಲ, ಅವಳ ಮೇಲೂ ಅಲ್ಲ. ಹುಳುಮನೆ ಹತ್ತು ಹೆಜ್ಜೆ ದೂರದಲ್ಲಿದ್ದೂ ಫೋನು ನೋಡಿ ಮಲಗಿದ ನನ್ನ ಮೇಲೆ.

ಕಾಫಿ ಕೊಟ್ಟು ಕೂರಿಸಿ ಏನಾಯಿತೆಂದು ಬಿಡಿಸಿ ಹೇಳಲು ಹೇಳಿದೆ. ಅವಳು ಹೇಳಿದಳು. ಕೇಳಿ ನಾನೆಂದೆ: "ನಿಮ್ಮಜ್ಜಿ ಬೇಸಿನ್ನಿನ ಮುಂದೆ ಕೂತಾಗ ಒಂದು ಗೂಡಿನ ಎಳೆ ಸಿಕ್ಕದೆ ಗೋಜಲಾದ್ರೆ ಅದನ್ನ ಬಿಡಿಸ್ತಾ ಕೂರ್ತಿರಲಿಲ್ಲ ಕಣೇ. ಪಕ್ಕಕ್ಕೆ ತಳ್ಳಿ ಇನ್ನೊಂದು ಗೂಡಿನ ಎಳೆ ಕೊಡ್ತಿದ್ಲು. ಗೋಜಲಿನದ್ದನ್ನ ಆಮೇಲೆ ನೋಡ್ತಿದ್ಲು. ಒಂದು ತುದಿ ಮುಂದೆ ಕೂತ್ರೆ ಐದು ತುದಿ ಹೋಗುತ್ತೆ."

ಅವಳು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. "ಅದೇ ಅಮ್ಮಾ. ಅದೇ ಮೊದಲನೇ ನಿಯಮ. ಘಟನೆಗೆ ಉತ್ತರ ಕೊಡೋ ಜಾಗದಲ್ಲಿ ಯಾವತ್ತೂ ನಿಂತು ಕಾಯಬಾರದು. ಗೊತ್ತಿದ್ದೂ ತಪ್ಪಿದೆ."

ಅಂದು ಸಂಜೆಯವರೆಗೆ ಕೂತು ತಿದ್ದಿದಳು. ಆ ಹೊರಗಿನ ತುಣುಕನ್ನು ತೆಗೆದು ಸಂದೇಶ ಕಳಿಸುವ ಕೆಲಸವನ್ನೂ ಮುಂಗುಸಿಗೇ ಒಪ್ಪಿಸಿದಳು. ಮುಂಗುಸಿ ಹೊರಗಿನವರ ಬಾಗಿಲು ತಟ್ಟುವುದೂ ತನ್ನ ಸರಪಳಿಗೆ ಇನ್ನೊಂದು ಕೊಂಡಿ ಸೇರಿಸುವ ಮೂಲಕವೇ. ತಟ್ಟಿ ಕೂಡಲೇ ಮರಳಿ ಸುತ್ತಿಗೆ ಬರುತ್ತದೆ. ಉತ್ತರ ಬಂದರೆ ಅದೂ ಒಂದು ಘಟನೆ. ಬರದಿದ್ದರೆ, ಇಷ್ಟು ಹೊತ್ತಾಯಿತು ಕೊಂಡಿ ಬಿಡಿಸು ಎಂದು ಗಡಿಯಾರ ನೆನಪಿಸುತ್ತದೆ. ನಡುವೆ ಯಾವ ತುದಿಯೂ ಹರಿಯುವುದಿಲ್ಲ.

ಫಾಗರಿನ ಸರದಿಯನ್ನೂ ಮೊದಲಿಗೆ ತಂದಳು. ಪಕ್ಕದಲ್ಲಿ ಪೇಪರು ಓದುತ್ತಿದ್ದ ಅವಳ ಅಪ್ಪ ಆಗ ಮೊದಲ ಸಲ ಬಾಯಿ ತೆರೆದರು. ವಿಶ್ವೇಶ್ವರಯ್ಯನವರು ಪುಣೆಯ ಹತ್ತಿರದ ಖಡಕ್‌ವಾಸಲಾ ಜಲಾಶಯಕ್ಕೆ 1903ರಲ್ಲಿ ಹಾಕಿಸಿದ ಬಾಗಿಲುಗಳು ನೀರು ಒಂದು ಮಟ್ಟಕ್ಕೇರಿದರೆ ತಾವೇ ತೆರೆದುಕೊಳ್ಳುತ್ತಿದ್ದವಂತೆ. "ಆ ಬಾಗಿಲು ಮೊದಲು ಬೆಂಗಳೂರಿಗೆ ಕಾಗದ ಬರೆದು ಉತ್ತರಕ್ಕೆ ಕಾಯ್ತಿರಲಿಲ್ಲ" ಎಂದರು. ಮಗಳಿಗೆ ಅಳುವಿನ ನಡುವೆಯೂ ನಗು ಬಂತು.

ಪುಟದಲ್ಲಿ ಶಾಖದ ಪಕ್ಕ ಈಗ ಗಂಟೆ ನಿಮಿಷವೂ ಕಾಣುತ್ತದೆ. ಹೊಸ ಉತ್ತರ ಬರದೆ ಒಂದು ನಿಮಿಷವಾದರೆ ಫೋನೇ ಅಂಕಿಯನ್ನು ಅಳಿಸಿ 'ಗೊತ್ತಿಲ್ಲ' ಎಂದು ಬರೆಯುತ್ತದೆ. ಇದು ನಾನು ಕೇಳಿ ಹಾಕಿಸಿಕೊಂಡದ್ದು. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎನ್ನಲಿ. ನಾನು ಎದ್ದು ಹೋಗಿ ನೋಡುತ್ತೇನೆ.

ಕೊನೆಗೆ ಅವಳು ಇನ್ನೊಂದನ್ನು ಸೇರಿಸಿದಳು. ಅದರ ಹೆಸರು ವಾಚ್‌ಡಾಗ್, ಕಾವಲುನಾಯಿ. ಚಿಪ್ಪಿನಲ್ಲೇ ಇರುವ ಒಂದು ಬೇರೆ ಗಡಿಯಾರ. ಮ್ಯಾನೇಜರು ಪ್ರತಿ ಸುತ್ತಿಗೊಮ್ಮೆ ಅದಕ್ಕೆ 'ನಾನಿದ್ದೇನೆ' ಎನ್ನಬೇಕು. ಹತ್ತು ಸೆಕೆಂಡು ದಾಟಿದರೂ ಆ ಮಾತು ಕೇಳದಿದ್ದರೆ, ಏನೋ ಕೆಟ್ಟಿದೆಯೆಂದು ಕಾವಲುನಾಯಿ ಇಡೀ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹೊತ್ತಿಸುತ್ತದೆ. ಒಂದೇ ಎಳೆಯ ಸಂಸಾರದಲ್ಲಿ ಆ ಎಳೆ ನಿಂತರೆ ನೋಡಲು ಹೊರಗಿನವರೊಬ್ಬರು ಬೇಕೇ ಬೇಕಂತೆ.

"ಅಜ್ಜಿಗೆ ವಾಚ್‌ಡಾಗ್ ಯಾರಿದ್ರಮ್ಮಾ?" ಎಂದಳು ತಂತಿ ಜೋಡಿಸುತ್ತ. ತಮಾಷೆಗೇ ಕೇಳಿದ್ದು.

ನನಗೆ ಉತ್ತರ ಹೊಳೆಯಲಿಲ್ಲ. 1984ರ ಮಳೆಗಾಲದಲ್ಲಿ ಅಮ್ಮ ಬೇಸಿನ್ನಿನ ಮುಂದೆಯೇ ಕುಸಿದು ಬಿದ್ದಳು. ಮೈ ಕೆಂಡವಾಗಿತ್ತು. ಮೂರು ದಿನದಿಂದ ಜ್ವರವಿತ್ತೆಂದು ಡಾಕ್ಟರು ಹೇಳಿದ ಮೇಲೆ ನಮಗೆ ತಿಳಿಯಿತು. ಆ ಮೂರು ದಿನವೂ ಆರು ತುದಿಗಳು ಸರಿಯಾಗಿ ನಡೆದಿದ್ದವು, ಮನೆಯಲ್ಲಿ ಮುದ್ದೆ ಸಾರು ಹೊತ್ತಿಗೆ ಸರಿಯಾಗಿ ಆಗಿತ್ತು, ನನ್ನ ಜಡೆ ಹೆಣೆದಿತ್ತು. ಹುಳುವಿನ ಜ್ವರಕ್ಕೆ ಗಂಟೆ ಎಣಿಸುವ ಊರಿನಲ್ಲಿ ಅಮ್ಮನ ಜ್ವರ ಯಾರಿಗೂ ಕಾಣಲಿಲ್ಲ. ಅವಳು ಎದ್ದಳು, ಎರಡು ವಾರ ಬಿಟ್ಟು ಮತ್ತೆ ಬೇಸಿನ್ನಿಗೆ ಹೋದಳು. ಆಮೇಲೂ ನಾವು ಅವಳನ್ನು 'ಹೇಗಿದ್ದೀಯಮ್ಮ' ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಲಿಲ್ಲ. ಎಲ್ಲವೂ ನಡೆಯುತ್ತಿತ್ತಲ್ಲ!

ಇದನ್ನು ಮಗಳಿಗೆ ಹೇಳಿದೆ. ಅವಳು ಏನೂ ಹೇಳದೆ ಪೆಟ್ಟಿಗೆಯ ಮುಚ್ಚಳ ಹಾಕಿ ತಿರುಪು ಬಿಗಿದಳು.

ಆ ಶನಿವಾರದಿಂದೀಚೆಗೆ ಅವಳು ಬೆಂಗಳೂರಿನಿಂದ ದಿನವೂ ರಾತ್ರಿ ಒಂಬತ್ತಕ್ಕೆ ಫೋನು ಮಾಡುತ್ತಾಳೆ. ಮಾತಾಡಲು ವಿಷಯವಿರಲೇಬೇಕೆಂದಿಲ್ಲ. "ಊಟ ಆಯ್ತಾ?" "ಆಯ್ತು." "ಹುಳು ಹೇಗಿವೆ?" "ಎರಡನೇ ಜ್ವರಕ್ಕೆ ಕೂತಿವೆ." "ನೀನು?" ಕೊನೆಯ ಪ್ರಶ್ನೆಯನ್ನು ಅವಳು ಬಿಡುವುದಿಲ್ಲ. ಒಂದು ದಿನ ನಾನು ಫೋನು ಒಳಗೆ ಬಿಟ್ಟು ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ಎರಡು ಸಲ ಬಾರಿಸಿದರೂ ಎತ್ತಲಿಲ್ಲವೆಂದು ಪಕ್ಕದ ಮನೆಯವರಿಗೆ ಫೋನು ಮಾಡಿ ಅವರನ್ನು ಓಡಿಸಿದ್ದಾಳೆ. ಆಯಮ್ಮ ಏದುಸಿರು ಬಿಡುತ್ತ ಬಂದು, "ನಿಮ್ಮ ಮಗಳಿಗೆ ಏನಾಗಿದೆಯಕ್ಕ, ಹತ್ತು ನಿಮಿಷ ತಡೆದುಕೊಳ್ಳೋಕ್ಕಾಗಲ್ವಾ?" ಎಂದರು.

"ಅವಳಿಗೇನೂ ಆಗಿಲ್ಲ ಬನ್ನಿ, ಕಾಫಿ ಕುಡಿದು ಹೋಗಿ" ಎಂದೆ. ಒಳಗೆ ಸೋನೆಮಳೆ ಹಿಡಿದಿತ್ತು.